ಆಗಸ್ಟ್ 9 ಯಾರ ದಿನ?



ನಮ್ಮ ಸಂಘದ ಸಮಿತಿಯಲ್ಲಿ ಒಂದು ಪ್ರಶ್ನೆ ಎದ್ದಿದೆ. ಎರಡು ಬೈಠಕು ಕಳೆದರೂ ಅದು ತೀರ್ಮಾನಕ್ಕೆ ಬಂದಿಲ್ಲ. ಆಗಸ್ಟ್ 9ರಂದು ಸಭೆ ಕರೆಯಬೇಕು ಎಂಬುದರಲ್ಲಿ ಯಾರ ತಕರಾರೂ ಇಲ್ಲ. ಸಭೆಗೆ ಯಾರನ್ನು ಕರೆಯಬೇಕೆಂಬುದರಲ್ಲಿ ತಕರಾರು. ಈಗ ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆಯುವವರು, ಮೇಜು ಒರೆಸುವವರು, ಅಷ್ಟೇಕೆ, ದೋಸೆಕಲ್ಲಿನ ಮುಂದೆ ನಿಂತವರು ಕೂಡ ಎಷ್ಟೋ ಜನ ಬನಾರಸ್, ಜೌನ್‌ಪುರ, ಬಲಿಯಾ, ಆಜಂಗಢ ಕಡೆಯ ಹುಡುಗರು. ಅವರನ್ನೂ ಸಭೆಗೆ ಕರೆಯೋಣ, ಸಂಘದ ಸದಸ್ಯರನ್ನಾಗಿಯೂ ಮಾಡಿಕೊಳ್ಳೋಣ ಎಂದು ನಾವು ಕೆಲವರು ಹೇಳಿದೆವು. "ಇದು ಕನ್ನಡಿಗರ ಸಂಘ ಮಾರಾಯ್ರೇ, ನಮ್ಮ ದಿನವನ್ನು ನಾವು ಆಚರಿಸಿಕೊಳ್ಳೋಣ, ಅವರದನ್ನು ಅವರು ಆಚರಿಸಿಕೊಳ್ಳಲಿ" ಎಂದು ಹಿರಿಯರೊಬ್ಬರು ಹೇಳಿದರು. ಅವರು ಸಣ್ಣ ಮನಸ್ಸಿನವರಲ್ಲ. ಸಂಘಕ್ಕಾಗಿ ಕೈಯಿಂದ ಹಣ ಹಾಕಿದವರು. ಆದುದರಿಂದಲೇ ಅವರ ಮಾತಿಗೆ ಉತ್ತರ ಕೊಡಬೇಕಾಗಿದೆ.

"ನಮ್ಮ ದಿನ" ಎಂದರೆ ಯಾವ ಅರ್ಥದಲ್ಲಿ ನಮ್ಮದು?

ಮುಂಬಯಿಯಲ್ಲಿದ್ದವರಿಗೆ ಆಗಸ್ಟ್ 9 ಎಂದರೆ 1942. ಗೋವಾಲಿಯಾ ಟ್ಯಾಂಕ್ ಮೈದಾನ ನಮ್ಮಲ್ಲಿ ಹಲವರ ಖೋಲಿಗಳಿಂದ ನಡೆದು ಹೋಗುವಷ್ಟು ದೂರ. ಈಗ ಅದಕ್ಕೆ ಆಗಸ್ಟ್ ಕ್ರಾಂತಿ ಮೈದಾನವೆಂದು ಹೆಸರು. ಅದೇ ಹೆಸರಿನಲ್ಲಿ ದಿಲ್ಲಿಗೆ ಒಂದು ರಾಜಧಾನಿ ಗಾಡಿಯೂ ಓಡುತ್ತದೆ, ಅದರ ಟಿಕೇಟು ನಮ್ಮ ಕಿಸೆಗೆ ಹಿಡಿಸುವಂಥದಲ್ಲ, ಆ ಮಾತು ಬೇರೆ. ಈ ಮೈದಾನದಲ್ಲಿ ಕಾಂಗ್ರೆಸ್ ಮಹಾಸಮಿತಿ ಕೂಡಿ ಆಗಸ್ಟ್ 8ರ ರಾತ್ರಿ "ಭಾರತ ಬಿಟ್ಟು ತೊಲಗಿ" ಎಂಬ ಠರಾವು ಪಾಸು ಮಾಡಿತು. ಬೆಳಗಾಗುವುದರೊಳಗೆ ಪೋಲೀಸರು ಗಾಂಧೀಜಿಯವರನ್ನೂ ಕಾರ್ಯಕಾರಿ ಸಮಿತಿಯವರನ್ನೂ ಹಿಡಿದು ವಿಶೇಷ ಗಾಡಿಯಲ್ಲಿ ಕೂರಿಸಿ ಸಾಗಿಸಿದರು. ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಗೆ, ನೆಹರೂ ಮೊದಲಾದವರು ಅಹಮದ್‌ನಗರದ ಕೋಟೆಗೆ. ಅದೇ ಬೆಳಿಗ್ಗೆ ಅರುಣಾ ಆಸಫ್ ಅಲಿಯವರು ಅಶ್ರುವಾಯುವಿನ ನಡುವೆ ಮೈದಾನದಲ್ಲಿ ಬಾವುಟ ಏರಿಸಿದರು. ಇದಿಷ್ಟೂ ನಮ್ಮ ರಾತ್ರಿ ಶಾಲೆಯ ಹುಡುಗರಿಗೂ ಗೊತ್ತು.

ಆದರೆ ಈ ತಾರೀಕಿಗೆ ಅದಕ್ಕಿಂತ 17 ವರ್ಷ ಹಿಂದಿನ ಇನ್ನೊಂದು ಲೆಕ್ಕವಿದೆ. ಆ ಲೆಕ್ಕವನ್ನು ಬರೆದವರಲ್ಲಿ ಹಲವರು ಬನಾರಸಿನ ಹುಡುಗರು.

1925ರ ಆಗಸ್ಟ್ 9, ಆದಿತ್ಯವಾರ ಸಂಜೆ. ಲಖನೌ ಕಡೆಗೆ ಹೊರಟ 8 ಡೌನ್ ಪ್ಯಾಸೆಂಜರ್ ಗಾಡಿಯನ್ನು ಕಾಕೋರಿ ಸ್ಟೇಶನ್ನಿನ ಹತ್ತಿರ ಸರಪಳಿ ಎಳೆದು ನಿಲ್ಲಿಸಲಾಯಿತು. ದಾರಿಯ ಸ್ಟೇಶನ್ನುಗಳಲ್ಲಿ ಕೂಡಿಸಿದ ಸರ್ಕಾರಿ ಹಣದ ಪೆಟ್ಟಿಗೆ ಗಾರ್ಡಿನ ಡಬ್ಬಿಯಲ್ಲಿತ್ತು. ಹತ್ತು ಜನ ಯುವಕರು ಅದನ್ನು ಕೆಳಗೆ ಉರುಳಿಸಿ ಸುತ್ತಿಗೆಯಿಂದ ಒಡೆದು ಸುಮಾರು 4,600 ರೂಪಾಯಿ ತೆಗೆದುಕೊಂಡು ಹೋದರು. ಮುಖಂಡರು ಶಾಹಜಹಾನ್‌ಪುರದ ರಾಮಪ್ರಸಾದ ಬಿಸ್ಮಿಲ್, ಅವರ ಬಲಗೈ ಅದೇ ಊರಿನ ಅಶ್ಫಾಕುಲ್ಲಾ ಖಾನ್. ಉಳಿದವರಲ್ಲಿ ರಾಜೇಂದ್ರನಾಥ ಲಾಹಿರಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದವರು. ಶಚೀಂದ್ರನಾಥ ಬಕ್ಷಿ ಬನಾರಸಿನವರು. ಮನ್ಮಥನಾಥ ಗುಪ್ತ ಕಾಶಿ ವಿದ್ಯಾಪೀಠದ ವಿದ್ಯಾರ್ಥಿ, ಆಗ ಅವರಿಗೆ 17 ವರ್ಷ. ಚಂದ್ರಶೇಖರ ಆಜಾದರೂ ಕಾಶಿಯಲ್ಲಿ ಓದುತ್ತಿದ್ದಾಗಲೇ ಈ ದಾರಿ ಹಿಡಿದವರು. ಅಶ್ಫಾಕ್, ಬಕ್ಷಿ, ಲಾಹಿರಿ ಮೂವರೂ ಎರಡನೆಯ ದರ್ಜೆಯ ಟಿಕೇಟು ತೆಗೆದು ಕೂತಿದ್ದರು, ಸರಪಳಿ ಎಳೆಯುವ ಕೆಲಸ ಅವರದು.

ಅವರ ಪಕ್ಷದ ಹೆಸರು ಹಿಂದೂಸ್ತಾನ್ ರಿಪಬ್ಲಿಕನ್ ಅಸೋಸಿಯೇಶನ್. ಅದನ್ನು ಕಟ್ಟಿದ ಶಚೀಂದ್ರನಾಥ ಸಾನ್ಯಾಲರೂ ಬನಾರಸಿನವರೇ. 1925ರ ಜನವರಿಯಲ್ಲಿ ಈ ಪಕ್ಷ ಹಂಚಿದ ಜಾಹೀರನಾಮೆಯಲ್ಲಿ ಏನಿತ್ತು ಗೊತ್ತೇ? ಮನುಷ್ಯನು ಮನುಷ್ಯನನ್ನು ಸುಲಿಯುವ ವ್ಯವಸ್ಥೆ ಹೋಗಬೇಕು. ರೈಲು, ಗಣಿ, ಉಕ್ಕಿನ ಕಾರ್ಖಾನೆ, ಹಡಗು ಇವು ರಾಷ್ಟ್ರದ ಸೊತ್ತಾಗಬೇಕು ಎಂದಿತ್ತು. ಬ್ರಿಟಿಷರು ಹೋದರೆ ಸಾಕು, ಮಿಕ್ಕಿದ್ದು ಹೇಗಿದ್ದರೂ ಆಯಿತು ಎಂದು ಹೇಳಿದವರಲ್ಲ ಅವರು. ಫೋಟೋಗೆ ಹಾರ ಹಾಕುವವರು ಈ ಭಾಗವನ್ನು ಓದಿ ಹೇಳುವುದನ್ನು ನಾನು ಕೇಳಿಲ್ಲ.

ಆಜಾದರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ಅವರು ನಮ್ಮ ಜಾತಿಯವರು. ಜಾತಿ ಎಂದರೆ ಮನೆ ಬಿಟ್ಟು ಓಡಿಬಂದು ಮುಂಬಯಿಯಲ್ಲಿ ಹೊಟ್ಟೆ ಹೊರೆದವರ ಜಾತಿ. ಅಲಿರಾಜಪುರ ಸಂಸ್ಥಾನದ ಭಾಬ್ರಾ ಎಂಬ ಹಳ್ಳಿಯಲ್ಲಿ ತಂದೆ ತೋಟದ ಕಾವಲುಗಾರ. ಹುಡುಗ ಮನೆ ಬಿಟ್ಟು ಮುಂಬಯಿಗೆ ಬಂದು ಬಂದರಿನಲ್ಲಿ ಹಡಗಿಗೆ ಬಣ್ಣ ಹೊಡೆಯುವವರ ಜೊತೆ ಕೂಲಿ ಮಾಡಿದ, ಕೂಲಿಗಳ ಖೋಲಿಯಲ್ಲಿ ಮಲಗಿದ, ಅಗ್ಗದ ಹೋಟೆಲಿನಲ್ಲಿ ಉಂಡ ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇಲ್ಲಿಂದಲೇ ಬನಾರಸಿನ ಗಾಡಿ ಹತ್ತಿದ್ದು. ಸಂಸ್ಕೃತ ಓದುವ ಬಡ ಹುಡುಗರಿಗೆ ಕಾಶಿಯ ಛತ್ರಗಳಲ್ಲಿ ಊಟ ಸಿಗುತ್ತಿತ್ತು. 1921ರ ಅಸಹಕಾರ ಚಳವಳಿಯಲ್ಲಿ ಹಿಡಿದು ಕೋರ್ಟಿಗೆ ನಿಲ್ಲಿಸಿದಾಗ ಹೆಸರು ಆಜಾದ್ ಎಂದ, ಮನೆ ಎಲ್ಲಿ ಎಂದರೆ ಜೇಲು ಎಂದ. ಹದಿನೈದು ವರ್ಷದ ಆ ಹುಡುಗನಿಗೆ ಹದಿನೈದು ಛಡಿಯೇಟು ಹೊಡೆದರು. ಅಂದಿನಿಂದ ತಿವಾರಿ ಎಂಬ ಮನೆಹೆಸರು ಹೋಗಿ ಆಜಾದ್ ಎಂಬುದು ನಿಂತಿತು. 1931ರ ಫೆಬ್ರವರಿ 27ರಂದು ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕಿನಲ್ಲಿ ಪೋಲೀಸರೊಡನೆ ಗುಂಡಿನ ಕಾಳಗವಾಗಿ ತೀರಿಕೊಂಡರು. ಕೊನೆಯವರೆಗೆ ಜೀವಸಹಿತ ಸರ್ಕಾರದ ಕೈಗೆ ಸಿಗಲಿಲ್ಲ.

ಮಿಕ್ಕವರು ಸಿಕ್ಕಿಬಿದ್ದರು. ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಚಾದರ ಬಿದ್ದಿತ್ತು. ಅದರ ಮೂಲೆಯಲ್ಲಿದ್ದ ಅಗಸನ ಗುರುತನ್ನು ಹಿಡಿದು ಪೋಲೀಸರು ಶಾಹಜಹಾನ್‌ಪುರಕ್ಕೆ ಹೋದರು. ನಮ್ಮ ಲಾಂಡ್ರಿಗಳಲ್ಲಿ ಇಂದಿಗೂ ಹಾಕುವ ಅದೇ ಶಾಯಿಯ ಗುರುತು, ಬೇರೇನಲ್ಲ. ಸೆಪ್ಟೆಂಬರಿನಿಂದ ಹಿಡಿಯಲು ಶುರುಮಾಡಿ ನಲವತ್ತರಷ್ಟು ಜನರನ್ನು ಒಳಗೆ ಹಾಕಿದರು. ಲಖನೌದಲ್ಲಿ ಮೊಕದ್ದಮೆ ನಡೆದು ನಾಲ್ವರಿಗೆ ಗಲ್ಲಾಯಿತು. 1927ರ ಡಿಸೆಂಬರ್ 17ರಂದು ಗೋಂಡಾ ಜೇಲಿನಲ್ಲಿ ಲಾಹಿರಿ. ಎರಡು ದಿನ ಬಿಟ್ಟು 19ರಂದು ಗೋರಖಪುರದಲ್ಲಿ ಬಿಸ್ಮಿಲ್, ಫೈಜಾಬಾದಿನಲ್ಲಿ ಅಶ್ಫಾಕ್, ಅಲಹಾಬಾದಿನಲ್ಲಿ ರೋಶನ್ ಸಿಂಗ್. ರೋಶನ್ ಸಿಂಗರು ಆ ದಿನ ಗಾಡಿಯಲ್ಲಿ ಇರಲೇ ಇಲ್ಲ. ಮನ್ಮಥನಾಥ ಗುಪ್ತರಿಗೆ ವಯಸ್ಸು ಚಿಕ್ಕದೆಂದು 14 ವರ್ಷದ ಸಜಾ.

ಇನ್ನೊಂದು ಹೆಸರು ಬಿಡಬಾರದು. ಅಹಮದ್ ಅಲಿ. ಈತ ಕ್ರಾಂತಿಕಾರನೂ ಅಲ್ಲ, ಪೋಲೀಸನೂ ಅಲ್ಲ, ಗಾಡಿಯ ಪ್ಯಾಸೆಂಜರ್. ಗದ್ದಲದಲ್ಲಿ ಕೆಳಗೆ ಇಳಿದಾಗ ಗುಂಡು ತಾಗಿ ಸತ್ತ. ಅದು ತನ್ನ ಕೈಯ ಪಿಸ್ತೂಲಿನಿಂದ ಹಾರಿದ್ದೆಂದು ಮನ್ಮಥನಾಥ ಗುಪ್ತರು ಮುಪ್ಪಿನಲ್ಲಿ ತಾವೇ ಹೇಳಿಕೊಂಡು ವ್ಯಸನಪಟ್ಟರು. ಯಾರ ಹಾರವೂ ಅಹಮದ್ ಅಲಿಯ ಕೊರಳಿಗೆ ಬೀಳುವುದಿಲ್ಲ. ನಮ್ಮ ಸಭೆಯಲ್ಲಿ ಹೆಸರು ಓದುವಾಗ ಈ ಹೆಸರನ್ನೂ ಓದಬೇಕೆಂಬುದು ನನ್ನ ಅಭಿಪ್ರಾಯ. ಕೆಲಸ ದೊಡ್ಡದಾದರೆ ಅದರ ಅಡಿಗೆ ಸಿಕ್ಕಿದವನನ್ನು ಮರೆಯಬಹುದು ಎಂಬ ಲೆಕ್ಕ ಮಾಲಿಕರದು, ನಮ್ಮದಲ್ಲ.

ಈಗ ತಾರೀಕಿನ ವಿಚಾರ. 1925ರಲ್ಲೂ ಆಗಸ್ಟ್ 9 ಆದಿತ್ಯವಾರ, 1942ರಲ್ಲೂ ಆದಿತ್ಯವಾರ. ಇದನ್ನು ಕೇಳಿ ನಮ್ಮಲ್ಲಿ ಒಬ್ಬರು "ಆ ದಿನದಲ್ಲೇ ಏನೋ ಶಕ್ತಿ ಇದೆ" ಎಂದರು. ಕಾಶಿಗೆ ಹೋಗಿ ತಿಥಿ ನೋಡಿ ಶ್ರಾದ್ಧ ಮಾಡಿಸಿ ಬರುವ ಜನ ನಾವು, ದಿನದಲ್ಲಿ ಶಕ್ತಿ ಹುಡುಕುವುದು ಸಹಜವೇ. ಆದರೆ ಪಂಚಾಂಗ ತೆಗೆದು ನೋಡಿದರೆ ಆ ಎರಡು ದಿನಗಳ ತಿಥಿ ಬೇರೆ ಬೇರೆ. ಇನ್ನು ತಾರೀಕು ಹೇಗೆ ಬಂತೆಂದು ನೋಡಿ. ಕಾಕೋರಿಯ ಕೆಲಸ ಆಗಬೇಕಾಗಿದ್ದುದು ಆಗಸ್ಟ್ 8ಕ್ಕೆ. ಇವರು ಸ್ಟೇಶನ್ನಿಗೆ ಬರುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು, ಆದುದರಿಂದ ಮರುದಿನ. 1942ರ 9ನೆಯ ತಾರೀಕನ್ನು ಕಾಂಗ್ರೆಸ್ಸು ಆರಿಸಿದ್ದೂ ಅಲ್ಲ. ಕಾಂಗ್ರೆಸ್ಸಿನದು 8ನೆಯ ತಾರೀಕಿನ ಠರಾವು. ನಾಯಕರನ್ನು ಯಾವಾಗ ಹಿಡಿಯಬೇಕೆಂದು ನಿಶ್ಚಯಿಸಿದ್ದು ಸರ್ಕಾರ. ಹೀಗೆ ಒಂದು ತಾರೀಕನ್ನು ತಪ್ಪಿದ ಗಾಡಿ ಕೊಟ್ಟಿತು, ಇನ್ನೊಂದನ್ನು ಪೋಲೀಸರು ಕೊಟ್ಟರು.

ಮೂರನೆಯದನ್ನು ಮೋಡ ಕೊಟ್ಟಿತು. 1945ರ ಆಗಸ್ಟ್ 9ರಂದು ಅಮೆರಿಕದ ವಿಮಾನ ಎರಡನೆಯ ಅಣುಬಾಂಬು ಹೊತ್ತು ಹೊರಟಿದ್ದು ಕೋಕುರಾ ಎಂಬ ಊರಿಗೆ. ಮೊದಲು ಗೊತ್ತು ಮಾಡಿದ್ದ ದಿನ 11; ಹವೆ ಕೆಡುತ್ತದೆಂದು ಎರಡು ದಿನ ಮುಂಚೆ ತಂದರು. ಕೋಕುರಾದ ಮೇಲೆ ಹೊಗೆ ಮೋಡ ಮುಚ್ಚಿಕೊಂಡಿದ್ದರಿಂದ ವಿಮಾನ ನಾಗಾಸಾಕಿಗೆ ತಿರುಗಿತು. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬು ಸಿಡಿಯಿತು. ಕೆಳಗೆ ಮಿತ್ಸುಬಿಶಿ ಕಂಪೆನಿಯ ಉಕ್ಕಿನ ಕಾರ್ಖಾನೆ, ಶಸ್ತ್ರದ ಕಾರ್ಖಾನೆ, ಅದರ ನಡುವೆ ಕೆಲಸಗಾರರ ಬಿಡಾರಗಳು. ಕೊರಿಯಾದಿಂದ ಬಲಾತ್ಕಾರವಾಗಿ ತಂದ ಕೂಲಿಗಳೂ ಅಲ್ಲಿದ್ದರು. ಆ ವರ್ಷ ಮುಗಿಯುವುದರೊಳಗೆ ಸತ್ತವರು 70 ಸಾವಿರದಷ್ಟು. ಗಿರಣಿಯ ಖಾತೆಯಲ್ಲಿ ಪಾಳಿ ಮಾಡಿದವರಿಗೆ ಬೆಳಿಗ್ಗೆ 11 ಗಂಟೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ, ಎಲ್ಲರೂ ಸಾಂಚೆಯ ಮುಂದೆ ಇರುವ ಹೊತ್ತು. ಇಂಥ ದಿನದಲ್ಲಿ ಯಾವ ಶಕ್ತಿ, ಯಾವ ಶುಭ?

ಮತ್ತೆ ಬನಾರಸಿಗೆ ಬರೋಣ. 1942ರ ಆಗಸ್ಟ್ 9ರ ಸುದ್ದಿ ಮುಂಬಯಿಯಿಂದ ಅಲ್ಲಿಗೆ ಮುಟ್ಟಿದಾಗ ಹಿಂದೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪುಸ್ತಕ ಮುಚ್ಚಿ ಹಳ್ಳಿಗಳಿಗೆ ಹೊರಟರು. ಗಾಡಿಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡು, ಅವುಗಳಿಗೆ ಬಾವುಟ ಕಟ್ಟಿ, ಊರೂರಿಗೆ ಸುದ್ದಿ ಮುಟ್ಟಿಸಿದರು. ಸರ್ಕಾರ ವಿಶ್ವವಿದ್ಯಾಲಯದೊಳಗೆ ಸೈನ್ಯವನ್ನು ತಂದು ಕೂರಿಸಿತು. ಪಕ್ಕದ ಬಲಿಯಾ ಜಿಲ್ಲೆಯಲ್ಲಿ ಚಿತ್ತು ಪಾಂಡೆಯವರ ಮುಂದಾಳುತನದಲ್ಲಿ ಜನ ಕೆಲವು ದಿನ ತಮ್ಮದೇ ಸರ್ಕಾರ ನಡೆಸಿದರು. ನಮ್ಮ ಹೋಟೆಲಿನ ಮೋರಿಯ ಹತ್ತಿರ ಕೂತು ಪಾತ್ರೆ ಉಜ್ಜುವ ಬಲಿಯಾದ ಹುಡುಗನನ್ನು ಚಿತ್ತು ಪಾಂಡೆ ಯಾರೆಂದು ಕೇಳಿ ನೋಡಿ. ನಾನು ಕೇಳಿದ್ದೇನೆ. ಕೈಯ ನೊರೆ ಒರೆಸಿಕೊಂಡು ಎದ್ದು ನಿಂತು ಹೇಳಿದ.

ನಮ್ಮ ನಾಡೇನು ಹಿಂದೆ ಬೀಳಲಿಲ್ಲ. ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಶಾಲೆಯ ಹುಡುಗ ಮೆರವಣಿಗೆಯಲ್ಲಿ ಗುಂಡಿಗೆ ಬಲಿಯಾದ. ಬೆಂಗಳೂರಿನ ಗಿರಣಿಗಳಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರ ಎಂದು ಸಾರಿಕೊಂಡಿತು; 1943ರ ಮಾರ್ಚಿಯಲ್ಲಿ ಆ ಹಳ್ಳಿಯ ಐವರನ್ನು ಗಲ್ಲಿಗೇರಿಸಿದರು. ಬಲಿಯಾದವರಿಗೂ ಈಸೂರಿನವರಿಗೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಮಾಡಿದ ಕೆಲಸ ಮಾತ್ರ ಒಂದೇ.

ಕಾರ್ಮಿಕರ ಮಾತು ಬಂದುದರಿಂದ ಒಂದು ಸತ್ಯವನ್ನೂ ಹೇಳಿಬಿಡುತ್ತೇನೆ. ಅಹಮದಾಬಾದಿನ ಗಿರಣಿಗಳು ಆಗ ಮೂರು ತಿಂಗಳಿಗೂ ಹೆಚ್ಚು ಕಾಲ ಬಂದಾಗಿದ್ದವು. ಮುಂಬಯಿಯ ಗಿರಣಿಗಳಲ್ಲಿ ಅಂಥ ದೀರ್ಘ ಹರತಾಳ ಆಗಲಿಲ್ಲ. ಹಿಟ್ಲರನು ಸೋವಿಯತ್ ದೇಶದ ಮೇಲೆ ಬಿದ್ದ ಮೇಲೆ ಕಮ್ಯೂನಿಸ್ಟ್ ಪಕ್ಷವು ಆ ಯುದ್ಧವನ್ನು ಜನತಾ ಯುದ್ಧವೆಂದು ಕರೆದು ಚಳವಳಿಯಿಂದ ದೂರ ನಿಂತಿತ್ತು. ಇದು ಸರಿಯೋ ತಪ್ಪೋ ಎಂದು ಹಳೆಯ ಗಿರಣಿ ಕಾರ್ಮಿಕರು ನಮ್ಮ ಚಾಳುಗಳಲ್ಲಿ ಎಷ್ಟು ಜಗಳ ಆಡಿದ್ದಾರೋ! 1982ರ ಹರತಾಳ ಬಂದು, ಗಿರಣಿಗಳೇ ಒಂದೊಂದಾಗಿ ಮುಚ್ಚಿ, ಚಿಮಣಿ ಇದ್ದಲ್ಲಿ ಗಗನಚುಂಬಿ ಕಟ್ಟಡ ಎದ್ದ ಮೇಲೂ ಆ ಜಗಳ ಮುಗಿದಿಲ್ಲ. ಮುಗಿಯುವುದೂ ಬೇಡ, ಸಭೆಯಲ್ಲಿ ಬಂದು ಆಡಲಿ.

ಹೀಗೆ ನೋಡಿದರೆ ಆಗಸ್ಟ್ 9ರ ಅರ್ಧ ಪಾಲು ಬನಾರಸಿನದು, ಅರ್ಧ ಪಾಲು ಮುಂಬಯಿಯದು. ಮುಂಬಯಿಯಲ್ಲಿರುವ ಬನಾರಸಿನ ಹುಡುಗನಿಗೆ ಎರಡೂ ಸೇರಿತು. ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ "ನಮ್ಮ ದಿನ" ಆಚರಿಸುವುದು ಹೇಗೆ?

ಇದಕ್ಕೆ ಇನ್ನೊಂದು ಕಡೆಯಿಂದ ಬರುವ ಉತ್ತರ ನನಗೆ ಗೊತ್ತು. ಅವರು ಕಡಿಮೆ ಪಗಾರಕ್ಕೆ ನಿಲ್ಲುತ್ತಾರೆ, ಅದರಿಂದ ನಮ್ಮ ಪಗಾರ ಏರುವುದಿಲ್ಲ ಎನ್ನುತ್ತಾರೆ. ನಿಜ, ಮಾಲಿಕರು ಒಬ್ಬನ ದರವನ್ನು ಇನ್ನೊಬ್ಬನಿಗೆ ತೋರಿಸಿ ಇಬ್ಬರನ್ನೂ ಹಿಡಿದಿಡುತ್ತಾರೆ. ನಾನು ಮೊದಲು ಕೆಲಸಕ್ಕೆ ನಿಂತ ಹೋಟೆಲಿನ ಗಲ್ಲೆಯಲ್ಲಿ ಕೂತವರು ಊರಿನಿಂದ ಹೊಸ ಮಾಣಿ ಬಂದಾಗಲೆಲ್ಲ ಹಳಬರಿಗೆ ಇದೇ ಮಾತು ಆಡುತ್ತಿದ್ದರು. ಹೊಸಬ ಕುಂದಾಪುರದವನು, ಹಳಬ ಕಾರ್ಕಳದವನು, ಇಬ್ಬರೂ ತುಳು ಕನ್ನಡ ಬಲ್ಲವರು. ಆದರೂ ಅಗ್ಗದ ಕೈಯನ್ನು ದುಬಾರಿ ಕೈಯ ಮೇಲೆ ಬಿಡುವುದಕ್ಕೆ ಭಾಷೆ ಅಡ್ಡ ಬರಲಿಲ್ಲ. ಹೊಸಬನನ್ನು ಸಂಘದ ಹೊರಗೆ ಇಟ್ಟಷ್ಟು ದಿನ ಅವನ ಪಗಾರ ಕಡಿಮೆಯೇ ಇರುತ್ತದೆ, ಅದನ್ನು ತೋರಿಸಿ ನಮ್ಮದನ್ನೂ ತಡೆಯುತ್ತಾರೆ. ಅವನನ್ನು ಒಳಗೆ ತಂದರೆ ಮಾಲಿಕರ ಕೈಯಲ್ಲಿ ತೋರಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಭಾಷೆಯ ಹೆದರಿಕೆಯನ್ನೂ ಹೇಳುತ್ತಾರೆ, ಹಿಂದಿಯವರು ಸೇರಿದರೆ ಕನ್ನಡ ಹೋಗುತ್ತದಂತೆ. ನಮ್ಮ ಸಂಘದಲ್ಲಿ ಮನೆಯೊಳಗೆ ತುಳು ಆಡುವವರು ಎಷ್ಟು, ಕೊಂಕಣಿ ಆಡುವವರು ಎಷ್ಟು, ಬ್ಯಾರಿ ಭಾಷೆಯವರು ಎಷ್ಟು? ಅವರಿಂದ ಕನ್ನಡ ಹೋಗಲಿಲ್ಲ. ಪತ್ರಿಕೆ ಕನ್ನಡದಲ್ಲೇ ಬರಲಿ, ರಾತ್ರಿ ಶಾಲೆ ಕನ್ನಡದಲ್ಲೇ ನಡೆಯಲಿ, ಅದರಲ್ಲಿ ನನ್ನದು ಒಂದು ಅಕ್ಷರವೂ ರಾಜಿ ಇಲ್ಲ. ಸಭೆಯಲ್ಲಿ ಮಾತ್ರ ಒಬ್ಬರು ಎದ್ದು ನಿಂತು ಹಿಂದಿಯಲ್ಲಿ ತಿಳಿಸಿದರೆ ಸಾಕು. ಗಿರಾಕಿಯ ಮುಂದೆ ದಿನವಿಡೀ ಹಿಂದಿ ಆಡುವ ನಾಲಿಗೆಗೆ ಅಷ್ಟು ಕಷ್ಟವಾಗಲಾರದು.

ಹಳಬರು ಇನ್ನೊಂದನ್ನೂ ನೆನೆಯಬೇಕು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರು ಮುಂಬಯಿ ಬಿಡಿ ಎಂಬ ಕೂಗೆದ್ದು ಉಡುಪಿ ಹೋಟೆಲುಗಳ ಗಾಜಿಗೆ ಕಲ್ಲು ಬಿತ್ತು. ಲುಂಗಿಯವರೆಂದು ನಮ್ಮ ಹಿರಿಯರನ್ನು ಹೀಯಾಳಿಸಿದರು. 2008ರಲ್ಲಿ ಅದೇ ಬೀದಿಗಳಲ್ಲಿ ಉತ್ತರದವರಿಗೆ ಹೊಡೆದರು. ಆ ಕಲ್ಲು ತಿಂದವರ ಮಕ್ಕಳು ನಾವು, "ಭಯ್ಯಾಗಳು" ಎಂದು ಮೂಗು ಮುರಿಯುವುದು ನಮಗೆ ಒಪ್ಪುವುದಿಲ್ಲ. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಕಾಯಿಪಲ್ಯವನ್ನೋ ಹಣ್ಣನ್ನೋ ಗಂಗೆಯಲ್ಲಿ ಬಿಟ್ಟು ಬರುವ ಸಂಪ್ರದಾಯವುಂಟು. ಬದನೆಕಾಯಿ ಬಿಟ್ಟು ಬಂದವರು ನಮ್ಮ ಸಮಿತಿಯಲ್ಲೇ ಇದ್ದಾರೆ. ಮುಂದಿನ ಸಲ ಹೋಗುವವರು ಈ ಶಬ್ದವನ್ನು ಬಿಟ್ಟು ಬಂದರೆ ಬದನೆಕಾಯಿ ತಿನ್ನಬಹುದು.

ರಜೆಯ ಪ್ರಶ್ನೆಯನ್ನು ಕೆಲವರು ಇದಕ್ಕೆ ಜೋಡಿಸಿದ್ದಾರೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಈ ನಾಲ್ಕು ದಿನಗಳಿಗೆ ಸಂಬಳದ ರಜೆ ಕೊಟ್ಟಿತು. ಇನ್ನು ನಾಲ್ಕು ದಿನಗಳನ್ನು ಮಾಲಿಕರೂ ಕೆಲಸಗಾರರೂ ವರ್ಷ ಹುಟ್ಟುವ ಮೊದಲು ಕೂಡಿ ಗೊತ್ತು ಮಾಡಬೇಕೆಂದಿತು. ಆ ನಾಲ್ಕರಲ್ಲಿ ಆಗಸ್ಟ್ 9 ಒಂದಾಗಲಿ ಎಂದು ಸೂಚನೆ ಬಂದಿದೆ. ನಾನು ಇದಕ್ಕೆ ವಿರುದ್ಧ. ಚೌತಿ, ದೀಪಾವಳಿ, ಈದ್, ಕ್ರಿಸ್ಮಸ್ ಇವಕ್ಕೇ ಮನೆಗೆ ಹೋಗಲು ರಜೆ ಸಿಗದೆ ಹುಡುಗರು ಅಳುತ್ತಾರೆ, ಅವರ ಪಾಲಿನ ಒಂದು ದಿನ ಕಿತ್ತು ಸಭೆಗೆ ಕೊಡುವುದು ಬೇಡ. ಎಷ್ಟು ಹೋಟೆಲುಗಳಲ್ಲಿ ಈ ನಾಲ್ಕು ದಿನಗಳನ್ನು "ಕೂಡಿ" ಗೊತ್ತು ಮಾಡಿದ್ದಾರೆ ಎಂದು ಮೊದಲು ವಿಚಾರಿಸೋಣ. ಬಹಳ ಕಡೆ ಪಟ್ಟಿ ಗಲ್ಲೆಯ ಹಿಂದಿನ ಗೋಡೆಗೆ ಅಂಟಿದ ಮೇಲೆಯೇ ನಮಗೆ ತಿಳಿಯುವುದು. ಚಿಕ್ಕ ಹೋಟೆಲುಗಳಲ್ಲಿ ಪಟ್ಟಿಯೇ ಇಲ್ಲ.

ಆದುದರಿಂದ ಸಮಿತಿಯ ಮುಂದೆ ನನ್ನ ಸೂಚನೆ ಇಷ್ಟು. ಆಗಸ್ಟ್ 9ರ ಸಭೆ ರಾತ್ರಿ ಹನ್ನೊಂದೂವರೆಗೆ, ಹೋಟೆಲುಗಳ ಷಟರ್ ಎಳೆದ ಮೇಲೆ ಆಗಲಿ. ಅಧ್ಯಕ್ಷತೆಗೆ ಮಾಲಿಕರೂ ಬೇಡ, ಮಂತ್ರಿಗಳೂ ಬೇಡ. ಈಸೂರಿನ ಕಥೆಯನ್ನು ನಮ್ಮವರೊಬ್ಬರು ಹೇಳಲಿ, ಕಾಕೋರಿಯ ಕಥೆಯನ್ನು ಬನಾರಸ್ ಕಡೆಯ ಹುಡುಗನೊಬ್ಬ ಹೇಳಲಿ. ಸದಸ್ಯತ್ವದ ಪುಸ್ತಕ ಮೇಜಿನ ಮೇಲೆ ತೆರೆದಿರಲಿ. ಪ್ರತಿ ಹೋಟೆಲಿನಿಂದ ಬರುವವರು ತಮ್ಮ ಜೊತೆಯ ಪರಭಾಷೆಯವನೊಬ್ಬನನ್ನು ಕೈ ಹಿಡಿದು ಕರೆದುಕೊಂಡು ಬರಲಿ. ಮೋರಿಯ ಕೆಲಸ ತಡವಾಗಿ ಮುಗಿಯುವುದರಿಂದ ಆ ರಾತ್ರಿ ಪಾತ್ರೆಗೆ ಸಪ್ಲಾಯರುಗಳೂ ಕೈ ಹಾಕಿದರೆ ಹುಡುಗರು ಹೊತ್ತಿಗೆ ಸರಿಯಾಗಿ ಬರಬಹುದು. ಚಹಾದ ಖರ್ಚನ್ನು ಹೋದ ವರ್ಷದಂತೆ ವರ್ಗಣಿಯಿಂದ ತೆಗೆಯೋಣ.